ಗೇರ್‌ಬಾಕ್ಸ್ ಸೌಂಡ್: ಇಳಿಸುವ ಮೊದಲು ಕಿವಿಗೊಟ್ಟು ಕೇಳಿದ್ದು

ಗೇರ್‌ಬಾಕ್ಸ್‌ನಲ್ಲಿ ಸೌಂಡ್ ಬರುತ್ತಿದೆ ಅಂದ ಕೂಡಲೇ ಎಲ್ಲರ ಬಾಯಲ್ಲೂ ಬರುವುದು ಒಂದೇ ಮಾತು, "ಇಳಿಸಿಬಿಡಿ." ಇಳಿಸುವುದು ದೊಡ್ಡ ಕೆಲಸವೇನಲ್ಲ. ಇಳಿಸಿದ ಮೇಲೆ ಏನು ಹುಡುಕಬೇಕು ಅನ್ನುವುದೇ ದೊಡ್ಡದು. ಬೆಂಚಿನ ಮೇಲೆ ಕೂತ ಬಾಕ್ಸ್ ಸೌಂಡ್ ಮಾಡುವುದಿಲ್ಲ. ಆಗ ಕಣ್ಣಿಗೆ ಸ್ವಲ್ಪ ಸವೆದ ಹಾಗೆ ಕಂಡದ್ದನ್ನೆಲ್ಲ ಬದಲಾಯಿಸುತ್ತಾರೆ, ಬಿಲ್ ಬೆಳೆಯುತ್ತದೆ, ಬಾಕ್ಸ್ ವಾಪಸ್ ಏರಿಸಿದರೆ ಅದೇ ಸೌಂಡ್ ಮತ್ತೆ ಬರುತ್ತದೆ. ಇದು ನಮ್ಮ ಊರ ಕಡೆ ಬೇಕಾದಷ್ಟು ಗಾಡಿಗೆ ಆಗಿದೆ. ಆದ್ದರಿಂದ ಗಾಡಿ ಓಡುವ ಸ್ಥಿತಿಯಲ್ಲಿ ಇರುವಾಗಲೇ ಕೇಳಬೇಕಾದ್ದನ್ನೆಲ್ಲ ಕೇಳಿ ಮುಗಿಸಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನಾವು ಅದನ್ನು ಹೇಗೆ ಮಾಡಿದೆವು ಅಂತ ಬರೆಯುತ್ತಿದ್ದೇನೆ. ಹಳೇ ಲಾರಿ ಇಟ್ಟುಕೊಂಡವರಿಗೆ ಉಪಯೋಗ ಆಗಬಹುದು.

ನಮ್ಮದು ಆರು ಚಕ್ರದ ಹಳೇ ಡೀಸೆಲ್ ಲಾರಿ. ನಾಲ್ಕು ಸಿಲಿಂಡರ್, ಐದು ಗೇರು, ಕಂಪ್ಯೂಟರ್ ಗಿಂಪ್ಯೂಟರ್ ಯಾವುದೂ ಇಲ್ಲ. ಅಪ್ಪ ತಂದಿದ್ದು. ಕಾಫಿ ಸೀಸನ್ನಿನಲ್ಲಿ ಅತ್ತಿಗುಂಡಿ ಕಡೆಯ ತೋಟಗಳಿಂದ ಚಿಕ್ಕಮಗಳೂರಿನ ಕ್ಯೂರಿಂಗ್‌ಗೆ, ಅಂದರೆ ಕಾಫಿ ಸಿಪ್ಪೆ ತೆಗೆದು ಹಸನು ಮಾಡುವ ಕಾರ್ಖಾನೆಗೆ, ಮೂಟೆ ಇಳಿಸುತ್ತೇವೆ. ನವೆಂಬರ್‌ನಲ್ಲಿ ಅರೇಬಿಕಾ ಶುರುವಾದರೆ ರೋಬಸ್ಟಾ ಮುಗಿಯುವ ಹೊತ್ತಿಗೆ ಮಾರ್ಚ್ ಬಂದಿರುತ್ತದೆ. ಅದು ಮುಗಿದ ಮೇಲೆ ಗೊಬ್ಬರ, ಸುಣ್ಣ, ಸಿಲ್ವರ್ ಓಕ್ ಮರ, ಏನು ಸಿಕ್ಕರೆ ಅದು. ಒಂದು ಮೂಟೆ 50 ಕೆಜಿ, ಲೋಡ್ ತುಂಬಿದ ಮೇಲೆ ಬೆಟ್ಟದ ಬುಡದ ಕೈಮರದವರೆಗೆ ಬರೀ ಇಳಿಜಾರು ಮತ್ತು ತಿರುವು. ಅಲ್ಲಿ ಬ್ರೇಕ್ ನಂಬಿಕೊಂಡು ಇಳಿಯುವ ಹಾಗಿಲ್ಲ, ಎರಡು ಇಲ್ಲ ಮೂರನೇ ಗೇರಿನಲ್ಲಿ ಇಂಜಿನ್ ಹಿಡಿತದಲ್ಲೇ ಇಳಿಸಬೇಕು. ಈ ವಿಷಯ ಮುಂದೆ ಬೇಕಾಗುತ್ತದೆ, ಅದಕ್ಕೇ ಈಗಲೇ ಹೇಳಿದೆ.

ಸೌಂಡ್ ಶುರುವಾಗಿದ್ದು ಅರೇಬಿಕಾ ಮುಗಿಯುವ ಹೊತ್ತಿಗೆ. ಎರಡನೇ ಗೇರಿನಲ್ಲಿ ಏರು ಹತ್ತುವಾಗ ಕಾಲ ಕೆಳಗಿನಿಂದ ಗೊರಗೊರ ಅಂತ, ಬೀಸುವ ಕಲ್ಲಿನಲ್ಲಿ ರಾಗಿ ಬೀಸಿದ ಹಾಗೆ. ಮೊದಮೊದಲು ಕಿಟಕಿ ಗಾಜು ಏರಿಸಿದರೆ ಮಾತ್ರ ಕೇಳುತ್ತಿತ್ತು. ಆಮೇಲೆ ಆಮೇಲೆ ಗೇರ್ ಲಿವರ್ ಹಿಡಿದರೆ ಅಂಗೈಗೇ ಗೊತ್ತಾಗುವ ಮಟ್ಟಕ್ಕೆ ಬಂತು.

ಸಲಹೆಗಳಿಗೇನೂ ಬರ ಇರಲಿಲ್ಲ. "140 ಆಯಿಲ್ ಹಾಕು, ಸೌಂಡ್ ಕಟ್ ಆಗುತ್ತೆ" ಅಂತ ಒಬ್ಬರು. ನಿಜ, ಕಟ್ ಆಗುತ್ತದೆ. ದಪ್ಪ ಆಯಿಲ್ ಗೇರಿನ ಹಲ್ಲು ಹಲ್ಲಿನ ನಡುವೆ ಕೂತು ಸೌಂಡನ್ನು ಮುಚ್ಚುತ್ತದೆ, ಆದರೆ ಒಡೆದ ಬೇರಿಂಗ್ ಒಡೆದೇ ಇರುತ್ತದೆ. ಅದೂ ಅಲ್ಲದೆ ಜನವರಿ ಬೆಳಿಗ್ಗೆ ಬೆಟ್ಟದ ಮೇಲೆ ಆ ಆಯಿಲ್ ಅಂಟಿನಂತಾಗಿ ಗೇರ್ ಬೀಳುವುದೇ ಇಲ್ಲ, ಗೇರ್ ಬೀಳುವ ಮೊದಲು ವೇಗ ಸಮ ಮಾಡುವ ಸಿಂಕ್ರೋ ರಿಂಗ್‌ಗೆ ಹಿಡಿತ ಸಿಗುವುದಿಲ್ಲ. ಮಾರುವ ಗಾಡಿಗೆ ಹೀಗೆ ಮಾಡುವವರಿದ್ದಾರೆ, ಬಾಕ್ಸಿನೊಳಗೆ ಮರದ ಪುಡಿ ಹಾಕುವವರೂ ಇದ್ದಾರೆ. ಸೆಕೆಂಡ್ ಹ್ಯಾಂಡ್ ಲಾರಿ ತಗೊಳ್ಳುವವರು ಬಾಕ್ಸಿಗೆ ಆಯಿಲ್ ಹಾಕುವ ತೂತಿನ ಫಿಲ್ಲರ್ ಪ್ಲಗ್ ಬಿಚ್ಚಿ ಬೆರಳು ಹಾಕಿ ಆಯಿಲ್ ಮುಟ್ಟಿ ನೋಡದೆ ದುಡ್ಡು ಕೊಡಬೇಡಿ.

ಮೊದಲು ತೋರಿಸಿದ ಗ್ಯಾರೇಜಿನಲ್ಲಿ ಗಾಡಿ ಹತ್ತಿಯೂ ನೋಡಲಿಲ್ಲ, ನಿಂತಲ್ಲೇ ಕೇಳಿ "ಗುಜರಿಯಿಂದ ಬೇರೆ ಬಾಕ್ಸ್ ತಂದು ಕೂರಿಸೋಣ" ಅಂದರು. ಗುಜರಿ ಬಾಕ್ಸ್ ಅಂದರೆ ಗೊತ್ತಿರುವ ರೋಗ ಬಿಟ್ಟು ಗೊತ್ತಿಲ್ಲದ ರೋಗ ತಂದುಕೊಂಡ ಹಾಗೆ. ಅಲ್ಲಿಂದ ಕಡೂರು ರೋಡಿನಲ್ಲಿರುವ ಒಬ್ಬ ಹಳೇ ಮೇಸ್ತ್ರಿ ಹತ್ತಿರ ಹೋದೆ. ಅಪ್ಪನ ಕಾಲದಿಂದ ಪರಿಚಯ. ಅವರು ಸ್ಪ್ಯಾನರ್ ಮುಟ್ಟಲಿಲ್ಲ.

"ಸೌಂಡ್ ಯಾವಾಗ ಬರುತ್ತೆ ಅಂತ ಎಲ್ಲಾರೂ ಹೇಳ್ತಾರೆ. ಯಾವಾಗ ಬರಲ್ಲ, ಅದನ್ನ ಹೇಳಪ್ಪ."

"ಅದನ್ನ ಗಮನಿಸಿಲ್ಲ ಮೇಸ್ತ್ರಿ."

"ಹಾಗಾದ್ರೆ ಹತ್ತು, ನೋಡೋಣ."

ಇಡೀ ಕೆಲಸ ನಿಂತಿರುವುದು ಈ ಒಂದು ಪ್ರಶ್ನೆಯ ಮೇಲೆ. ಅದಕ್ಕೆ ಬಾಕ್ಸ್ ಒಳಗೆ ಯಾವಾಗ ಏನು ತಿರುಗುತ್ತದೆ ಅನ್ನುವುದು ತಲೆಯಲ್ಲಿ ಇರಬೇಕು. ಕಷ್ಟದ್ದೇನಲ್ಲ. ಕ್ಲಚ್ ಪ್ಲೇಟಿನಿಂದ ಒಳಗೆ ಬರುವುದು ಇನ್‌ಪುಟ್ ಶಾಫ್ಟ್. ಅದರ ಹಲ್ಲು ಕೆಳಗಿರುವ ಲೇ ಶಾಫ್ಟನ್ನು ಸದಾ ಕಚ್ಚಿಕೊಂಡಿರುತ್ತದೆ. ಲೇ ಶಾಫ್ಟಿನ ಮೇಲಿರುವ ಗೇರುಗಳು ಮೇಲಿನ ಮೈನ್ ಶಾಫ್ಟಿನ ಗೇರುಗಳನ್ನು ಕಚ್ಚಿಕೊಂಡಿರುತ್ತವೆ. ಮೈನ್ ಶಾಫ್ಟ್ ಹಿಂದೆ ಪ್ರೊಪೆಲ್ಲರ್‌ಗೆ, ಅಂದರೆ ಹಿಂದಿನ ಚಕ್ರದ ಕಡೆ ಬಲ ಒಯ್ಯುವ ಉದ್ದದ ಶಾಫ್ಟಿಗೆ, ಹೋಗುತ್ತದೆ. ನ್ಯೂಟ್ರಲ್‌ನಲ್ಲಿ ನಿಂತು ಇಂಜಿನ್ ಓಡುತ್ತಿದ್ದರೆ, ಕ್ಲಚ್ ಮೇಲೆ ಕಾಲಿಡದಿದ್ದರೆ, ಇನ್‌ಪುಟ್ ಶಾಫ್ಟ್ ತಿರುಗುತ್ತದೆ, ಲೇ ಶಾಫ್ಟ್ ತಿರುಗುತ್ತದೆ, ಮೇಲಿನ ಗೇರುಗಳು ಸುಮ್ನೆ ಸುತ್ತುತ್ತಿರುತ್ತವೆ, ಮೈನ್ ಶಾಫ್ಟ್ ಮಾತ್ರ ನಿಂತಿರುತ್ತದೆ. ಕ್ಲಚ್ ಪೂರ್ತಿ ಒತ್ತಿದರೆ ಒಂದೆರಡು ಸೆಕೆಂಡಿನಲ್ಲಿ ಒಳಗಿನದ್ದೆಲ್ಲ ನಿಲ್ಲುತ್ತದೆ. ಹಾಗಾಗಿ ಕ್ಲಚ್ ಒತ್ತಿದಾಗ ನಿಲ್ಲುವ ಸೌಂಡ್ ಬಾಕ್ಸಿನದ್ದು, ಒತ್ತಿದಾಗ ಶುರುವಾಗುವ ಸೌಂಡ್ ಕ್ಲಚ್ಚಿನದ್ದು. ಇಷ್ಟು ಗೊತ್ತಿದ್ದರೆ ಅರ್ಧ ಕೆಲಸ ಮುಗಿಯಿತು.

ಗಾಡಿ ಚೆನ್ನಾಗಿ ಬಿಸಿಯಾದ ಮೇಲೆ ಗ್ಯಾರೇಜಿನ ಮುಂದೆ ನಿಲ್ಲಿಸಿ ನ್ಯೂಟ್ರಲ್ ಮಾಡಿದೆವು. ಐಡಲ್‌ನಲ್ಲಿ, ಅಂದರೆ ರೇಸ್ ಕೊಡದೆ ಇಂಜಿನ್ ಸುಮ್ನೆ ಓಡುವಾಗ, ಎರಡು ಸೌಂಡ್ ಇದ್ದವು, ನಾನು ಅಲ್ಲಿಯವರೆಗೆ ಎರಡನ್ನೂ ಒಂದೇ ಅಂದುಕೊಂಡಿದ್ದೆ. ಒಂದು ಕಟಕಟ, ಇನ್ನೊಂದು ಅದರ ಕೆಳಗೆ ಸಣ್ಣಗೆ ಗೊರ. ಮೇಸ್ತ್ರಿ ಒಂಚೂರು ರೇಸ್ ಕೊಟ್ಟರು. ಕಟಕಟ ಮಾಯ, ಗೊರ ಮಾತ್ರ ಜಾಸ್ತಿಯಾಯಿತು. ನಾಲ್ಕು ಸಿಲಿಂಡರ್ ಡೀಸೆಲ್ ಇಂಜಿನ್ ಒಂದು ಸುತ್ತಿಗೆ ಎರಡು ಸಲ ಹೊಡೆತ ಕೊಡುತ್ತದೆ. ಐಡಲ್‌ನಲ್ಲಿ ಆ ಹೊಡೆತಗಳು ಬಿಡಿಬಿಡಿಯಾಗಿ ಬಂದು ಲೋಡ್ ಇಲ್ಲದ ಗೇರುಗಳ ಹಲ್ಲನ್ನು ಅತ್ತಿತ್ತ ಬಡಿಯುತ್ತವೆ. ಅದನ್ನು ತಡೆಯಲೆಂದೇ ಕ್ಲಚ್ ಪ್ಲೇಟಿನ ನಡುವೆ ಸ್ಪ್ರಿಂಗ್‌ಗಳಿರುತ್ತವೆ. ಅವು ಸಡಿಲವಾದರೆ, ಅಥವಾ ಐಡಲ್ ತೀರಾ ಕೆಳಗಿದ್ದರೆ, ಈ ಕಟಕಟ ಬರುತ್ತದೆ. ಬಾಕ್ಸಿಗೆ ಇದರಿಂದ ಏನೂ ಆಗುವುದಿಲ್ಲ. ಈ ಕಟಕಟ ಕೇಳಿಯೇ ಬಾಕ್ಸ್ ಬಿಚ್ಚಿಸಿದವರು ಎಷ್ಟು ಜನರೋ. ನಮ್ಮ ಸಮಸ್ಯೆ ಅದಲ್ಲ ಅಂತ ಪಕ್ಕಕ್ಕಿಟ್ಟೆವು.

ಆಮೇಲೆ ಕ್ಲಚ್. ಇಲ್ಲಿ ಸ್ವಲ್ಪ ನಿಧಾನ ಬೇಕು. ಪೆಡಲ್ ಮೇಲೆ ಕಾಲು ಸುಮ್ನೆ ಇಟ್ಟು ಸಡಿಲ ಇರುವಷ್ಟು ಮಾತ್ರ ಒತ್ತಿದರೆ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ತಿರುಗಲು ಶುರುವಾಗುತ್ತದೆ, ಪ್ಲೇಟ್ ಇನ್ನೂ ಬಿಟ್ಟಿರುವುದಿಲ್ಲ. ಆ ಹಂತದಲ್ಲಿ ಹೊಸ ಸೌಂಡ್ ಬಂದರೆ ಅದು ರಿಲೀಸ್ ಬೇರಿಂಗ್. ನಮ್ಮದರಲ್ಲಿ ಸಣ್ಣಗೆ ಸುಯ್ ಅಂತು, ವಯಸ್ಸಾದ ಬೇರಿಂಗ್ ಅಷ್ಟು ಅನ್ನುವುದೇ. ಪೂರ್ತಿ ಒತ್ತಿದೆವು. ಗೊರ ಇಳಿಯುತ್ತಾ ಇಳಿಯುತ್ತಾ ನಿಂತುಹೋಯಿತು. ಕ್ಲಚ್ ಒತ್ತಿಕೊಂಡೇ ಗೇರ್ ಹಾಕಿದೆವು. ಈಗ ಇನ್‌ಪುಟ್ ಶಾಫ್ಟ್ ಅಲುಗಾಡದೆ ನಿಂತಿದೆ, ಇಂಜಿನ್ನಿನ ಫ್ಲೈವೀಲ್ ಮಾತ್ರ ಸುತ್ತುತ್ತಿದೆ. ಅವೆರಡರ ನಡುವೆ ಕೂತಿರುವ ಪೈಲಟ್ ಬೇರಿಂಗ್ ಕೆಟ್ಟಿದ್ದರೆ ಕೀರಲು ದನಿ ಈಗ ಬರಬೇಕು. ಬರಲಿಲ್ಲ. ಅಲ್ಲಿಗೆ ಕ್ಲಚ್ ಕಡೆಯದ್ದು ಅಲ್ಲ ಅಂತ ಆಯಿತು. ಇನ್‌ಪುಟ್ ಶಾಫ್ಟಿನ ಬೇರಿಂಗ್ ಇರಬೇಕು, ಇಲ್ಲ ಲೇ ಶಾಫ್ಟಿನದ್ದು.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಲೋಡಿನಲ್ಲಿ ಬರುವ ಸೌಂಡ್ ಮತ್ತು ನಿಂತಾಗ ಬರುವ ಸೌಂಡ್ ಎರಡೂ ಒಂದೇನಾ ಅನ್ನುವುದನ್ನು ನೋಡದೆ ಬಿಡಬಾರದು ಅಂತ ಮೇಸ್ತ್ರಿ ಪಟ್ಟು. ಪ್ರೊಪೆಲ್ಲರ್, ಹಿಂದಿನ ಚಕ್ರಗಳ ನಡುವೆ ಗೇರುಗಳು ಕೂತಿರುವ ಹೌಸಿಂಗ್, ಚಕ್ರದ ಬೇರಿಂಗ್ ಇವೆಲ್ಲ ಕ್ಯಾಬಿನ್ ಒಳಗೆ ಕೂತವನಿಗೆ ಬಾಕ್ಸ್ ಸೌಂಡಿನಂತೆಯೇ ಕೇಳುತ್ತವೆ. ಛಾಸಿ ಉದ್ದಕ್ಕೂ ಸೌಂಡ್ ಹರಿದು ಬರುತ್ತದೆ.

ಸಖರಾಯಪಟ್ಟಣದ ಕಡೆ ಹೊರಟೆವು. ಆ ರೋಡು ಸಮ ಇದೆ, ನೇರ ಇದೆ. ಈ ಪರೀಕ್ಷೆಯನ್ನು ದಯವಿಟ್ಟು ಬೆಟ್ಟದ ರೋಡಿನಲ್ಲಿ ಮಾಡಬೇಡಿ. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದ ಲಾರಿ ಯಾರ ಮಾತೂ ಕೇಳುವುದಿಲ್ಲ. ಸಮ ರೋಡಿನಲ್ಲೂ ಇಂಜಿನ್ ಆಫ್ ಮಾಡಬಾರದು, ಬ್ರೇಕಿನ ಬಲ, ಪವರ್ ಸ್ಟೀರಿಂಗ್ ಇದ್ದರೆ ಅದು, ಎಲ್ಲಾ ಇಂಜಿನ್ ಓಡುತ್ತಿದ್ದರೆ ಮಾತ್ರ.

ಸುಮಾರು 40ರಲ್ಲಿ ಹೋಗುತ್ತಾ, ಹಿಂದೆ ಮುಂದೆ ಯಾರೂ ಇಲ್ಲದಾಗ, ಕ್ಲಚ್ ಒತ್ತಿ ಗೇರನ್ನು ನ್ಯೂಟ್ರಲ್‌ಗೆ ತಂದು, ಕ್ಲಚ್ ಒತ್ತಿಕೊಂಡೇ ಉರುಳಲು ಬಿಟ್ಟೆ. ತುಂಬಾ ಜನ ಇಲ್ಲಿ ಬರೀ ಕ್ಲಚ್ ಒತ್ತಿ ನೋಡುತ್ತಾರೆ, ಗೇರ್ ಬಿಡಿಸುವುದಿಲ್ಲ. ಗೇರಿನಲ್ಲೇ ಇದ್ದು ಕ್ಲಚ್ ಒತ್ತಿದರೆ ಚಕ್ರವೇ ಹಿಂದಿನಿಂದ ಮೈನ್ ಶಾಫ್ಟನ್ನು ತಿರುಗಿಸುತ್ತದೆ, ಅದು ಲೇ ಶಾಫ್ಟನ್ನು, ಅದು ಇನ್‌ಪುಟ್ ಶಾಫ್ಟನ್ನು. ಎಲ್ಲವೂ ಸುತ್ತುತ್ತಲೇ ಇರುತ್ತದೆ. ಸೌಂಡ್ ನಿಲ್ಲುವುದಿಲ್ಲ. ಆಗ "ಬಾಕ್ಸ್ ಅಲ್ಲ, ಹೌಸಿಂಗ್" ಅಂತ ಹೇಳಿ ಅದರೊಳಗಿನ ಕ್ರೌನ್ ಪಿನಿಯನ್ ಗೇರುಗಳನ್ನು ಬಿಚ್ಚಿಸುತ್ತಾರೆ. ಗೇರ್ ಬಿಡಿಸಿದರೆ ಮಾತ್ರ ಲೇ ಶಾಫ್ಟ್ ನಿಲ್ಲುತ್ತದೆ, ಮೈನ್ ಶಾಫ್ಟ್ ಮತ್ತು ಅದರ ಹಿಂದಿನದ್ದು ಮಾತ್ರ ತಿರುಗುತ್ತಿರುತ್ತದೆ.

ಹಾಗೆ ಉರುಳುವಾಗ ಕೇಳಿದ್ದು ಟೈರಿನ ಗುಂಯ್ ಮಾತ್ರ. ರೋಡಿನ ಡಾಂಬರ್ ಬದಲಾದ ಕಡೆ ಅದೂ ಬದಲಾಯಿತು, ಹಾಗಾಗಿ ಅದು ಟೈರೇ. ಗೊರಗೊರ ಇಲ್ಲ. ಅಂದರೆ ಮೈನ್ ಶಾಫ್ಟಿನ ಹಿಂದಿನ ಬೇರಿಂಗ್, ಪ್ರೊಪೆಲ್ಲರ್ ನಡುವಿನ ಸೆಂಟರ್ ಬೇರಿಂಗ್, ಹೌಸಿಂಗ್ ಇವೆಲ್ಲದರ ಮೇಲಿದ್ದ ಅನುಮಾನ ಒಂದೇ ಏಟಿಗೆ ಹೋಯಿತು. ಇವು ಕೆಟ್ಟಿದ್ದರೆ ಗಾಡಿಯ ವೇಗದ ಜೊತೆ ಏರುತ್ತಾ ಇಳಿಯುತ್ತಾ ಸೌಂಡ್ ಇರಲೇಬೇಕಿತ್ತು.

ಇನ್ನು ಒಂದೊಂದೇ ಗೇರ್. ಒಂದರಲ್ಲಿ ಗೊರಗೊರ ಜೋರು. ಎರಡರಲ್ಲಿ ಜೋರು. ಮೂರರಲ್ಲಿ ಇದೆ. ನಾಲ್ಕರಲ್ಲಿ ಇದೆ, ಆದರೆ ಕಡಿಮೆ. ಐದಕ್ಕೆ ಹಾಕಿದ ಕೂಡಲೇ ಹೆಚ್ಚು ಕಡಿಮೆ ನಿಂತೇಹೋಯಿತು. ಮೇಸ್ತ್ರಿ ಪಕ್ಕದ ಸೀಟಿನಲ್ಲಿ ಕೂತು ಅಂಗೈಯನ್ನು ಲಿವರ್ ಬುಡಕ್ಕೆ ಒತ್ತಿಕೊಂಡಿದ್ದವರು ತಲೆ ಅಲ್ಲಾಡಿಸಿದರು.

"ಲೇ ಶಾಫ್ಟೇ. ನೂರಕ್ಕೆ ನೂರು."

ಕಾರಣ ಹೀಗೆ. ನಮ್ಮ ಬಾಕ್ಸಿನಲ್ಲಿ ಐದನೇ ಗೇರ್ ಡೈರೆಕ್ಟ್. ಇನ್‌ಪುಟ್ ಶಾಫ್ಟೂ ಮೈನ್ ಶಾಫ್ಟೂ ನೇರವಾಗಿ ಲಾಕ್ ಆಗಿ ಒಂದೇ ಆಗಿ ತಿರುಗುತ್ತವೆ. ಲೇ ಶಾಫ್ಟ್ ಆಗಲೂ ತಿರುಗುತ್ತದೆ, ಆದರೆ ಅದರ ಮೇಲೆ ಲೋಡ್ ಇರುವುದಿಲ್ಲ. ಉಳಿದ ಗೇರುಗಳಲ್ಲಿ ಇಂಜಿನ್ನಿನ ಬಲವೆಲ್ಲ ಕೆಳಗಿಳಿದು ಲೇ ಶಾಫ್ಟ್ ಮೂಲಕವೇ ಹೋಗಬೇಕು. ಕೆಲವು ಬಾಕ್ಸ್‌ಗಳಲ್ಲಿ ನಾಲ್ಕನೇದು ಡೈರೆಕ್ಟ್, ಐದನೇದು ಓವರ್‌ಡ್ರೈವ್ ಇರುತ್ತದೆ. ಅವುಗಳಲ್ಲಿ ನಾಲ್ಕರಲ್ಲಿ ನಿಂತು ಐದರಲ್ಲಿ ಮತ್ತೆ ಬರುತ್ತದೆ. ನಿಮ್ಮ ಗಾಡಿಯಲ್ಲಿ ಡೈರೆಕ್ಟ್ ಯಾವುದು ಅಂತ ಮೊದಲು ತಿಳಿದುಕೊಳ್ಳಿ. ಸೌಂಡ್ ಒಂದೇ ಒಂದು ಗೇರಿನಲ್ಲಿ ಮಾತ್ರ ಇದ್ದರೆ ಬೇರಿಂಗ್ ಬಿಟ್ಟು ಆ ಗೇರಿನ ಹಲ್ಲನ್ನೋ ಅದರ ಕೆಳಗಿನ ನೀಡಲ್ ಬೇರಿಂಗನ್ನೋ ಅನುಮಾನಿಸಬೇಕು.

ಇನ್ನೂ ಒಂದು ಅನುಮಾನ ಉಳಿದಿತ್ತು. ಡೈರೆಕ್ಟ್ ಗೇರಿನಲ್ಲಿ ಇನ್‌ಪುಟ್ ಶಾಫ್ಟಿನ ಬೇರಿಂಗ್ ಮೇಲೂ ಹಲ್ಲಿನ ಒತ್ತಡ ಇರುವುದಿಲ್ಲವಲ್ಲ, ಹಾಗಾದರೆ ಅದೂ ಐದರಲ್ಲಿ ಸುಮ್ಮನಾಗಬಹುದಲ್ಲ ಅಂತ ನಾನು ಕೇಳಿದೆ. ಮೇಸ್ತ್ರಿಗೆ ಈ ಪ್ರಶ್ನೆ ಇಷ್ಟವಾಯಿತು ಅಂತ ಕಾಣುತ್ತದೆ, ಗಾಡಿ ಪಕ್ಕಕ್ಕೆ ಹಾಕಿಸಿ ಅಲ್ಲೇ ವಿವರಿಸಿದರು. ಉತ್ತರ ಇರುವುದು ಗೇರುಗಳ ಜೋಡಣೆಯಲ್ಲಿ. ನಮ್ಮ ಬಾಕ್ಸಿನಲ್ಲಿ ಒಂದು ಎರಡನೇ ಗೇರುಗಳು ಹಿಂದಿನ ತುದಿಗೆ, ನಾಲ್ಕನೇದು ಮುಂದಕ್ಕೆ. ಜೊತೆಗೆ ಲೇ ಶಾಫ್ಟಿನ ಮೇಲೆ ಒಂದು ಎರಡರ ಗೇರುಗಳೇ ಚಿಕ್ಕವು, ಹಾಗಾಗಿ ಅವುಗಳ ಹಲ್ಲಿನ ಮೇಲೆ ಬೀಳುವ ಒತ್ತಡ ಜಾಸ್ತಿ. ಆ ಒತ್ತಡ ಹತ್ತಿರದಲ್ಲಿರುವ ಹಿಂದಿನ ಬೇರಿಂಗ್ ಮೇಲೆ ಬೀಳುತ್ತದೆ. ಮುಂದಿನ ಬೇರಿಂಗ್ ಹೋಗಿದ್ದರೆ ನಾಲ್ಕರಲ್ಲಿ ಇಷ್ಟು ಇಳಿಯುತ್ತಿರಲಿಲ್ಲ. ಕೆಳಗಿನ ಗೇರುಗಳಲ್ಲಿ ಜೋರು, ಮೇಲಕ್ಕೆ ಹೋದಂತೆ ಕಡಿಮೆ, ಡೈರೆಕ್ಟ್‌ನಲ್ಲಿ ಇಲ್ಲ. ಲೇ ಶಾಫ್ಟಿನ ಹಿಂದಿನ ಬೇರಿಂಗ್.

ವಾಪಸ್ ಬಂದು ಅದನ್ನು ಕಿವಿಯಲ್ಲೂ ಕೇಳಿದೆವು. ಮುಂದಿನ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದು, ನ್ಯೂಟ್ರಲ್‌ನಲ್ಲಿ ಇಂಜಿನ್ ಓಡಲು ಬಿಟ್ಟು ಮೇಸ್ತ್ರಿ ಗಾಡಿಯ ಕೆಳಗಿನ ಗುಂಡಿಗೆ ಇಳಿದರು. ಹೆಗಲ ಮೇಲಿನ ಟವೆಲ್ ತೆಗೆದಿಟ್ಟೇ ಇಳಿದರು. ಉದ್ದದ ಕಬ್ಬಿಣದ ಸರಳಿನ ಒಂದು ತುದಿ ಬಾಕ್ಸಿನ ಮೈಗೆ, ಇನ್ನೊಂದು ತುದಿಗೆ ಹೆಬ್ಬೆರಳು ಇಟ್ಟು ಅದರ ಮೇಲೆ ಕಿವಿ. ಮುಂದೆ ಮೇಲೆ ಇಟ್ಟರೆ ನಯವಾದ ಸುಯ್ಯ್. ಮುಂದೆ ಕೆಳಗೆ ಇಟ್ಟರೆ ದೂರದಿಂದ ಬಂದಂತೆ ಗೊರ. ಹಿಂದೆ ಕೆಳಗೆ, ಲೇ ಶಾಫ್ಟಿನ ಕವರ್ ಮೇಲೆ ಇಟ್ಟರೆ ಸರಳು ಹಲ್ಲಿಗೆ ತಾಗಿದ ಹಾಗೆ ಕರಕರ. ನಾನೂ ಕೇಳಿದೆ. ಎರಕದ ಮೈಯಲ್ಲಿ ಸೌಂಡ್ ಎಲ್ಲಾ ಕಡೆ ಹಬ್ಬುತ್ತದೆ, ಹಾಗಾಗಿ ಸರಳು ಒಂದನ್ನೇ ನಂಬಿ ತೀರ್ಮಾನ ಮಾಡಬಾರದು. ಗೇರಿನ ಪರೀಕ್ಷೆ ಹೇಳಿದ್ದನ್ನೇ ಸರಳೂ ಹೇಳಿದರೆ ನಂಬಬಹುದು.

ಅಲ್ಲೇ ಪ್ರೊಪೆಲ್ಲರ್ ಕೀಲುಗಳಲ್ಲಿರುವ ಕ್ರಾಸ್‌ಗಳನ್ನು ಇಂಜಿನ್ ಆಫ್ ಮಾಡಿ ಅಲ್ಲಾಡಿಸಿ ನೋಡಿದೆವು, ಸರಿಯಾಗಿದ್ದವು.

ಕೊನೆಯ ಸಾಕ್ಷಿ ಆಯಿಲ್. ಬಿಸಿ ಇರುವಾಗಲೇ ಫಿಲ್ಲರ್ ಪ್ಲಗ್ ಬಿಚ್ಚಿದರೆ ಆಯಿಲ್ ತೂತಿನ ಅಂಚಿಗೆ ಇರಬೇಕು. ಬೆರಳು ಮಡಚಿ ಒಳಗೆ ಹಾಕಿದರೂ ಸಿಗಲಿಲ್ಲ. ಹಿಂದಿನ ಆಯಿಲ್ ಸೀಲ್ ಸುತ್ತ ಧೂಳು ಹಿಡಿದು ಕಪ್ಪಗೆ ದಪ್ಪಗೆ ಕೂತಿತ್ತು, ಸೋರಿದ್ದು ಅಲ್ಲಿಂದ. ಡ್ರೈನ್ ಪ್ಲಗ್ ತುದಿಯ ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ನುಣ್ಣನೆ ಪೇಸ್ಟ್ ಇದ್ದರೆ ಚಿಂತೆ ಇಲ್ಲ, ಅದು ದಿನಾ ಸವೆಯುವ ಸವಕಲು. ನಮ್ಮದರಲ್ಲಿ ಪೇಸ್ಟ್ ಒಳಗೆ ಚಕ್ಕೆಗಳಿದ್ದವು. ಆಯಿಲನ್ನು ಹಳೇ ಬಿಳಿ ಪಂಚೆ ತುಂಡಿನಲ್ಲಿ ಸೋಸಿ, ಚಕ್ಕೆಗಳನ್ನು ಡೀಸೆಲ್‌ನಲ್ಲಿ ತೊಳೆದು ಬಿಸಿಲಿಗೆ ಹಿಡಿದೆವು. ಉಗುರಿನ ತುದಿಯಷ್ಟು, ತೆಳ್ಳಗೆ, ಒಂದು ಬದಿ ಕನ್ನಡಿಯಷ್ಟು ನುಣುಪು, ಇನ್ನೊಂದು ಬದಿ ಒರಟು. ನುಣುಪು ಬದಿ ರೋಲರ್ ಓಡುತ್ತಿದ್ದ ಮೈ. ಬೇರಿಂಗ್ ಟ್ರ್ಯಾಕಿನಿಂದ ಎದ್ದ ಚಕ್ಕೆ ಹೀಗೇ ಇರುತ್ತದೆ. ಹಲ್ಲಿನ ತುಂಡಾದರೆ ದಪ್ಪಗೆ ಮೂಲೆ ಮೂಲೆಯಾಗಿ ಇರುತ್ತದೆ. ಹಿತ್ತಾಳೆ ಬಣ್ಣದ ಮಿನುಗು ಕಂಡರೆ ಸಿಂಕ್ರೋ ರಿಂಗ್, ಅದು ಒಂಚೂರು ಮಾತ್ರ ಇತ್ತು. ಆಯಿಲ್ ಹಾಲು ಬೆರೆಸಿದ ಹಾಗೆ ಬಿಳುಚಿಕೊಂಡಿದ್ದರೆ ನೀರು ಸೇರಿದೆ ಅಂತ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಗಾಳಿ ಆಡುವ ತೂತಿನ, ಅಂದರೆ ಬ್ರೀದರ್, ಮುಚ್ಚಳ ಇಲ್ಲದ ಬಾಕ್ಸಿಗೆ ಅದೂ ಆಗುತ್ತದೆ, ನೋಡಿಕೊಳ್ಳಿ.

ಇಷ್ಟಾದ ಮೇಲೆ ಬಾಕ್ಸ್ ಇಳಿಸಿದ್ದು. ಆ ಭಾಗದ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಎಲ್ಲಾ ಗ್ಯಾರೇಜಿನಲ್ಲೂ ಮಾಡುವುದೇ. ಪ್ರೊಪೆಲ್ಲರ್ ಫ್ಲ್ಯಾಂಜ್‌ಗೆ ಬಿಚ್ಚುವ ಮೊದಲು ಚಾಣದಿಂದ ಗುರುತು ಹಾಕಿ, ಇಲ್ಲದಿದ್ದರೆ ಹೊಸದಾಗಿ ಅದುರು ಶುರುವಾಗುತ್ತದೆ. ಬಾಕ್ಸಿನ ಭಾರವನ್ನು ಇನ್‌ಪುಟ್ ಶಾಫ್ಟ್ ಮೇಲೆ ನೇತಾಡಲು ಬಿಡಬೇಡಿ, ಕ್ಲಚ್ ಪ್ಲೇಟಿನ ನಡು ಬಗ್ಗಿಹೋಗುತ್ತದೆ.

ಮೇಲಿನ ಕವರ್ ತೆಗೆದ ಕೂಡಲೇ ಮೇಸ್ತ್ರಿ ಲೇ ಶಾಫ್ಟಿನ ಹಿಂದಿನ ತುದಿಗೆ ಸಣ್ಣ ಲಿವರ್ ಕೊಟ್ಟು ಎತ್ತಿದರು. ಕಣ್ಣಿಗೆ ಕಾಣುವಷ್ಟು ಎದ್ದಿತು. ಮುಂದಿನ ತುದಿ ಅಲುಗಲಿಲ್ಲ. ಟೇಪರ್ ರೋಲರ್ ಬೇರಿಂಗ್ ಅದು. ಹೊರಗಿನ ಕಪ್ ಹೊರಗೆ ಬಂದಾಗ ನೋಡಿದರೆ ಗುಂಡಿ ಬಿದ್ದಿದ್ದು ಒಂದೇ ಬದಿಗೆ, ಉಳಿದ ಸುತ್ತು ಹೊಸದರಂತೆ ಇತ್ತು. ಕಪ್ ತಿರುಗುವುದಿಲ್ಲ ಅಲ್ವಾ, ಲೋಡ್ ಸದಾ ಅದೇ ಜಾಗಕ್ಕೆ ಬೀಳುತ್ತದೆ, ಅಲ್ಲೇ ಎದ್ದು ಹೋಗಿದೆ. ಉಗುರು ಎಳೆದರೆ ಸಿಕ್ಕಿಕೊಳ್ಳುವಷ್ಟು ಆಳದ ಗುಂಡಿಗಳು, ಅಂಗೈಗೆ ಸಿಗುತ್ತಿದ್ದ ಗೊರಗೊರದ ಮೂಲ ಅದು. ಗೇರುಗಳ ಹಲ್ಲನ್ನು ಒಂದೊಂದಾಗಿ ತೊಳೆದು ಬೆಳಕಿಗೆ ಹಿಡಿದು ನೋಡಿದೆವು, ಎಲ್ಲವೂ ಚೆನ್ನಾಗಿದ್ದವು. ಇನ್ನೊಂದು ಸೀಸನ್ ಓಡಿಸಿದ್ದರೆ ಶಾಫ್ಟ್ ಎದ್ದು ಹಲ್ಲುಗಳು ತುದಿಯಲ್ಲಿ ಮಾತ್ರ ಕಚ್ಚಿ ಇಡೀ ಸೆಟ್ ಹೋಗುತ್ತಿತ್ತು.

ಈ ಬೇರಿಂಗ್ ಮಾತ್ರ ಯಾಕೆ ಹೋಯಿತು ಅನ್ನುವುದು ನನ್ನನ್ನು ತುಂಬಾ ಕಾಡಿತು. ಮೇಸ್ತ್ರಿ ಹೇಳಿದ್ದು ನನಗೆ ಸರಿ ಅನ್ನಿಸಿತು. ನಾವು ಲೋಡ್ ಹಾಕಿಕೊಂಡು ಯಾವಾಗಲೂ ಇಳಿಯುವವರು. ಇಳಿಜಾರಿನಲ್ಲಿ ಬಾಕ್ಸ್ ಮುಂದಕ್ಕೆ ಬಾಗುತ್ತದೆ, ಆಯಿಲ್ ಮುಂದಕ್ಕೆ ಹೋಗುತ್ತದೆ. ಮಟ್ಟ ಸರಿಯಿದ್ದರೆ ಹಿಂದೆಯೂ ಸಾಕಷ್ಟು ಉಳಿಯುತ್ತದೆ. ಸೀಲ್ ಸೋರಿ ಮಟ್ಟ ಇಳಿದಿದ್ದರಿಂದ ಹಿಂದಿನ ಬೇರಿಂಗ್ ಒಣಗಿತು, ಅದೇ ಹೊತ್ತಿಗೆ ಎರಡನೇ ಗೇರಿನಲ್ಲಿ ಇಂಜಿನ್ ಹಿಡಿತದ ಲೋಡ್ ಅದರ ಮೇಲೇ ಬೀಳುತ್ತಿತ್ತು. ಬೆಟ್ಟದ ಕೆಲಸ ಮಾಡುವ ಲಾರಿಗಳಿಗೆ ಬಾಕ್ಸ್ ಆಯಿಲ್ ಮಟ್ಟ ಬಯಲುಸೀಮೆ ಲಾರಿಗಿಂತ ಜಾಸ್ತಿ ಮುಖ್ಯ ಅಂತ ನಾನು ಹೇಳುವುದು ಇದಕ್ಕೇ.

ಬೇರಿಂಗ್ ತರಲು ಬೇಲೂರು ಮೇಲೆ ಹಾಸನಕ್ಕೆ ಹೋದೆ. ಹಳೇ ಬೇರಿಂಗ್ ಜೊತೆಗೇ ತೆಗೆದುಕೊಂಡು ಹೋಗಿದ್ದೆ. ನಂಬರ್ ಅಳಿಸಿದ್ದರೂ ಅಳತೆಯಿಂದ ಹಿಡಿಯಬಹುದು. ಸಾಮಾನ್ಯ ಬೇರಿಂಗ್ ನಂಬರಿನಲ್ಲಿ ಕೊನೆಯ ಎರಡು ಅಂಕಿ 04 ಅಥವಾ ಅದಕ್ಕಿಂತ ಮೇಲಿದ್ದರೆ ಅದನ್ನು 5ರಿಂದ ಗುಣಿಸಿದರೆ ಒಳಗಿನ ತೂತಿನ ಅಳತೆ ಮಿಲಿಮೀಟರ್‌ನಲ್ಲಿ ಸಿಗುತ್ತದೆ. 6309 ಅಂದರೆ 45 ಮಿಲಿಮೀಟರ್, 32308 ಅಂದರೆ 40. ಡೂಪ್ಲಿಕೇಟ್ ಮಾಲು ಬೇಕಾದಷ್ಟಿದೆ, ಬಿಲ್ ಕೊಡುವ ಅಂಗಡಿಯಲ್ಲೇ ತಗೊಳ್ಳಿ. ರೋಲರ್ ಸಮೇತ ಒಳಗಿನ ಕೋನ್ ಮತ್ತು ಹೊರಗಿನ ಕಪ್ ಎರಡನ್ನೂ ಹೊಸದೇ ಹಾಕಬೇಕು. ಹಳೇ ಕಪ್‌ನಲ್ಲಿ ಹೊಸ ರೋಲರ್ ಓಡಿಸಿದರೆ ದುಡ್ಡು ದಂಡ. ಲೇ ಶಾಫ್ಟಿನ ಮುಂದಿನ ಬೇರಿಂಗ್ ನೋಡಲು ಚೆನ್ನಾಗಿದ್ದರೂ ಜೊತೆಯಲ್ಲೇ ಬದಲಾಯಿಸಿದೆವು, ಅಷ್ಟೂ ಚಕ್ಕೆಗಳು ಅದರೊಳಗೂ ಹಾದುಹೋಗಿವೆ. ರಿಲೀಸ್ ಬೇರಿಂಗ್, ಪೈಲಟ್ ಬೇರಿಂಗ್, ಹಿಂದಿನ ಸೀಲ್ ಹೊಸದು. ಕ್ಲಚ್ ಪ್ಲೇಟಿನ ಒಂದು ಸ್ಪ್ರಿಂಗ್ ಕೈಯಲ್ಲಿ ತಿರುಗುವಷ್ಟು ಸಡಿಲ ಇತ್ತು, ಕಟಕಟ ಅದರದ್ದೇ, ಪ್ಲೇಟನ್ನೂ ಹಾಕಿಸಿದೆ. ಇಷ್ಟೆಲ್ಲಾ ಸೇರಿದರೂ ಗುಜರಿ ಬಾಕ್ಸಿಗೆ ಹೇಳಿದ ರೇಟಿನ ಹತ್ತಿರಕ್ಕೂ ಹೋಗಲಿಲ್ಲ.

ಕೂರಿಸುವಾಗ ಮೇಸ್ತ್ರಿ ಗ್ಯಾಸ್ ಬೆಂಕಿ ಹತ್ತಿರಕ್ಕೂ ಬಿಡಲಿಲ್ಲ. ಆಯಿಲ್ ತುಂಬಿದ ಡಬ್ಬಿಯಲ್ಲಿ ಕೋನನ್ನು ಬಿಸಿಮಾಡಿದರು, ಸುಮಾರು 100 ಡಿಗ್ರಿ, 120 ದಾಟಬಾರದು. ಬಿಸಿಯಾದದ್ದು ಶಾಫ್ಟ್ ಮೇಲೆ ತಾನಾಗಿ ಜಾರಿ ಕೂತಿತು, ಒಂದು ಸುತ್ತಿಗೆ ಏಟೂ ಬೇಕಾಗಲಿಲ್ಲ. ಟೇಪರ್ ಬೇರಿಂಗ್ ಅಂದ ಮೇಲೆ ಶಿಮ್ ಕೆಲಸ, ಅಂದರೆ ತೆಳು ತಗಡಿನ ಬಿಲ್ಲೆ ಇಟ್ಟು ಬಿಗಿ ಸರಿಮಾಡುವುದು, ಇದ್ದೇ ಇದೆ. ಡಯಲ್ ಗೇಜ್ ಇಟ್ಟು ಶಾಫ್ಟಿನ ಆಟ ಅಳೆದು, ಕವರ್ ಕೆಳಗಿನ ಶಿಮ್ ಹಾಕಿ ತೆಗೆದು, ಪುಸ್ತಕದ ಅಳತೆಗೆ ಬರುವವರೆಗೆ ಬಿಡಲಿಲ್ಲ. ಗ್ಯಾರೇಜಿನ ಹುಡುಗ "ಸಾಕು ಬಿಡಿ ಮೇಸ್ತ್ರಿ, ಕೈಗೆ ಟೈಟ್ ಸಿಗ್ತಿದೆ" ಅಂದ. "ಕೈಗೆ ಸಿಕ್ಕಿದ್ರೆ ಬೇರಿಂಗ್‌ಗೆ ಸಿಕ್ತು ಅಂತಲ್ಲ ಕಣೋ" ಅಂತ ಮತ್ತೆ ಬಿಚ್ಚಿದರು. ಟೈಟ್ ಆದರೆ ಸುಡುತ್ತದೆ, ಸಡಿಲ ಆದರೆ ಮತ್ತೆ ಗೊರಗೊರ. ಈ ಹಂತವನ್ನು ಬಿಟ್ಟುಬಿಡುವ ಕಡೆ ದಯವಿಟ್ಟು ಕೆಲಸ ಕೊಡಬೇಡಿ.

ಆಯಿಲ್ ಮ್ಯಾನುಯಲ್‌ನಲ್ಲಿ ಇದ್ದದ್ದೇ, ಜಿಎಲ್-4 ದರ್ಜೆಯ 80ಡಬ್ಲ್ಯೂ-90. ಹೌಸಿಂಗ್‌ಗೆ ಹಾಕುವ ಜಿಎಲ್-5 ಉಳಿದಿದೆ ಅಂತ ಬಾಕ್ಸಿಗೂ ಸುರಿಯುವ ಅಭ್ಯಾಸ ಇದೆ. ಅದರಲ್ಲಿರುವ ಗಂಧಕದ ಅಂಶ ಹಿತ್ತಾಳೆ ಸಿಂಕ್ರೋ ರಿಂಗ್‌ಗಳನ್ನು ತಿನ್ನಬಹುದು, ಮ್ಯಾನುಯಲ್ ಹೇಳದಿದ್ದರೆ ಬೇಡ.

ಖಾಲಿ ಗಾಡಿಯಲ್ಲಿ ಒಂದು ಸುತ್ತು, ಆಮೇಲೆ ಲೋಡಿನಲ್ಲಿ ಅತ್ತಿಗುಂಡಿಯಿಂದ ಕೈಮರದವರೆಗೆ ಎರಡನೇ ಗೇರಿನಲ್ಲಿ ಇಳಿಸಿದೆ. ಇಂಜಿನ್ ಸೌಂಡ್ ಬಿಟ್ಟು ಏನಿಲ್ಲ. ಲಿವರ್ ಮೇಲೆ ಕೈಯಿಟ್ಟರೆ ಶಾಂತ. ಸುಮಾರು 500 ಕಿಲೋಮೀಟರ್ ಆದ ಮೇಲೆ ಆಯಿಲ್ ಇಳಿಸಿ ಹೊಸದು ಹಾಕಿದೆವು, ಉಳಿದ ಪುಡಿ ಪಡಿ ಇದ್ದರೆ ಹೋಗಲಿ ಅಂತ. ಮ್ಯಾಗ್ನೆಟ್ ಮೇಲೆ ಬೂದು ಪೇಸ್ಟ್ ಮಾತ್ರ, ಚಕ್ಕೆ ಇಲ್ಲ.

ರಿವರ್ಸ್ ಹಾಕಿದಾಗ ಊಂ ಅನ್ನುವ ಸೌಂಡ್ ಈಗಲೂ ಬರುತ್ತದೆ. ಕ್ಲೀನರ್ ಹುಡುಗ ಗಾಬರಿಯಾಗಿ "ಅಣ್ಣ, ಮತ್ತೆ ಬಂತು" ಅಂದ. ಅದು ರೋಗ ಅಲ್ಲ. ಮುಂದಿನ ಗೇರುಗಳ ಹಲ್ಲು ಓರೆಯಾಗಿ ಕತ್ತರಿಸಿದ್ದು, ರಿವರ್ಸಿನದ್ದು ನೇರ ಹಲ್ಲು. ನೇರ ಹಲ್ಲು ಒಮ್ಮೆಲೇ ಪೂರ್ತಿ ಕಚ್ಚುತ್ತದೆ, ಹಾಗಾಗಿ ಕೂಗುತ್ತದೆ. ಹೊಸ ಗಾಡಿಯಲ್ಲೂ ಅದು ಇರುತ್ತದೆ. ಅದನ್ನು ಹಾಗೇ ಬಿಟ್ಟಿದ್ದೇವೆ.